ಸಲೀಮನಿಗೆ ಹಾಡಿಲ್ಲ

ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟಿಗೆ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ. ತಮ್ಮನ ಮನೆಯಲ್ಲಿದ್ದ ದಿನಗಳಲ್ಲಿ ಅಂಥದೊಂದು ಸಂಜೆ ಅವನ ಬಡಾವಣೆಯ ಚರ್ಚಿಗೆ ಸೇರಿದ ಸಭಾಂಗಣದಲ್ಲಿ ನಡೆದ ಹಾಡುಗಾರಿಕೆಗೆ ಹೋಗಿದ್ದೆ. ಪ್ರತಿ ಚಳಿಗಾಲದಲ್ಲೂ ಬಡಾವಣೆಯವರೇ ಸೇರಿ ನಡೆಸುವ ಕಾರ್ಯಕ್ರಮವಂತೆ. ಟಿಕೆಟ್ಟಿಲ್ಲ, ಬಾಗಿಲಲ್ಲಿ ಒಂದು ಬುಟ್ಟಿ, ಮನಸ್ಸಿದ್ದಷ್ಟು ಹಾಕಬಹುದು. ಹಾಡಿದವರಲ್ಲಿ ಶಾಲಾ ಶಿಕ್ಷಕಿ, ಔಷಧಿ ಅಂಗಡಿಯಾಕೆ, ನಿವೃತ್ತ ರೈಲ್ವೆ ನೌಕರ ಇದ್ದರು. ಕೇಳಲು ಬಂದವರು ಅವರ ಅಕ್ಕಪಕ್ಕದ ಮನೆಯವರು. ನನ್ನ ಪಕ್ಕದ ಕುರ್ಚಿಯಲ್ಲಿ ತಮ್ಮನ ಕೆಳಮನೆಯ ತುರ್ಕಿ ಹಿರಿಯರಿದ್ದರು. 1961ರಲ್ಲಿ ಜರ್ಮನಿ ಮತ್ತು ತುರ್ಕಿ ಮಾಡಿಕೊಂಡ ಒಪ್ಪಂದದ ಮೇಲೆ ಕಾರ್ಖಾನೆ ಕೆಲಸಕ್ಕೆ ಬಂದ ತಂದೆಯ ಹಿಂದೆ ಹುಡುಗನಾಗಿ ಬಂದು ಇಲ್ಲಿಯೇ ಹಣ್ಣಾದವರು. ನನಗೆ ಜರ್ಮನ್ ಬಾರದು. ಅವರು ಆಗಾಗ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಒಂದೊಂದು ಮಾತು ಹೇಳುತ್ತಿದ್ದರು. ಮಿಕ್ಕದ್ದರ ಅರ್ಥವನ್ನು ಹಿಂದಿನ ರಾತ್ರಿಯೇ ತಮ್ಮನಿಂದ ಕೇಳಿಕೊಂಡಿದ್ದೆ.

ಮೊದಲ ಭಾಗದಲ್ಲಿ ಶೂಬರ್ಟನ ಹಾಡುಗಳು, ಎರಡನೆಯದರಲ್ಲಿ ಒಪೆರಾಗಳಿಂದ ಆಯ್ದ ಏರಿಯಾಗಳು. ಜರ್ಮನರು 'ಲೀಡ್' ಎಂದು ಕರೆಯುವ ಈ ಹಾಡಿನ ಪ್ರಕಾರ ನಮ್ಮ ಭಾವಗೀತೆ ಗಾಯನಕ್ಕೆ ಹತ್ತಿರದ್ದು. ಕವಿ ಬರೆದಿಟ್ಟ ಕವಿತೆಯನ್ನು ಸಂಗೀತಗಾರ ಹಾಡಾಗಿಸುತ್ತಾನೆ. ಹಾಡುವವರು ಒಬ್ಬರು, ಜೊತೆಗೆ ಒಂದು ಪಿಯಾನೊ. ಆದರೆ ಆ ಪಿಯಾನೊ ನಮ್ಮ ಹಾರ್ಮೋನಿಯಂ ಹಾಗೆ ದನಿಯ ಬೆನ್ನು ಹಿಡಿದು ಹೋಗುವುದಿಲ್ಲ. ಕವಿತೆ ಹೇಳದೆ ಬಿಟ್ಟದ್ದನ್ನು ಅದು ಹೇಳುತ್ತಿರುತ್ತದೆ.

ಶಿಕ್ಷಕಿ ಹಾಡಿದ್ದು ಶೂಬರ್ಟನ ಎರಡು 'ಜುಲೇಖಾ' ಗೀತೆಗಳನ್ನು. ಹೌದು, ನಮ್ಮ ಯೂಸುಫ್-ಜುಲೇಖಾ ಕತೆಯ ಹೆಸರೇ. ಯೋಸೆಫ್ ಫಾನ್ ಹಾಮರ್ 1812-13ರಲ್ಲಿ ಜರ್ಮನಿಗೆ ತಂದ ಹಾಫಿಜನನ್ನು ಓದಿ ಗಯಟೆ ಹುಚ್ಚಾದ. ಅರವತ್ತೈದರ ವಯಸ್ಸಿನಲ್ಲಿ ತಾನೂ ಒಂದು 'ದಿವಾನ್' ಬರೆಯಲು ಕುಳಿತ. ಅದು 1819ರಲ್ಲಿ ಅಚ್ಚಾಯಿತು. ಉರ್ದು ಓದಿದ ನಮಗೆ ಆ ಪುಸ್ತಕದ ಪರಿಚಯವಾದದ್ದು ಹಿಂಬಾಗಿಲಿನಿಂದ: 1923ರಲ್ಲಿ ಇಕ್ಬಾಲ್ ಅದಕ್ಕೆ ಉತ್ತರವಾಗಿ ಪಾರಸಿಯಲ್ಲಿ 'ಪಯಾಮೆ ಮಶ್ರಿಕ್' ಬರೆದರಲ್ಲ, ಅದರ ಮೂಲಕ. ಮೊದಲ ಜುಲೇಖಾ ಗೀತೆ ಮೂಡಣ ಗಾಳಿಯನ್ನು ಕುರಿತದ್ದು. ಪಿಯಾನೊ ತಗ್ಗಿನಲ್ಲಿ, ಎಲೆ ಅಲುಗಿದಷ್ಟೇ ಸದ್ದಿನಲ್ಲಿ ಆರಂಭವಾಯಿತು. ಆ ಸದ್ದು ಕೇಳುತ್ತಲೇ ನನಗೆ ಯಾರ ಅನುವಾದವೂ ಬೇಕಾಗಲಿಲ್ಲ. ಅದು ಬಾದೆ ಸಬಾ. ಪ್ರಿಯನ ಊರಿನ ಸುದ್ದಿ ಹೊತ್ತು ತರುವ ಆ ಗಾಳಿ ಶೀರಾಜಿನಿಂದ ಹೊರಟು ನಮ್ಮೂರ ಮುಶಾಯಿರಾಗಳಲ್ಲಿ ಎಷ್ಟು ಸಲ ಬೀಸಿಲ್ಲ! ಶಿಕ್ಷಕಿಯ ಉಸಿರು ಎರಡು ಕಡೆ ಸಾಲದೆ ಹೋಯಿತು, ನಿಜ. ಆದರೆ ಹಾಡಿನ ಕೊನೆಯಲ್ಲಿ ಗತಿ ನಿಧಾನವಾಗಿ, ವಿಷಾದದ ಸ್ವರಗಳು ಕಳೆದು, ಪಿಯಾನೊ ಎದೆಬಡಿತದಂತೆ ಮಿಡಿಯತೊಡಗುವ ಜಾಗದಲ್ಲಿ ಆಕೆ ದನಿ ಏರಿಸಲಿಲ್ಲ. ವೃತ್ತಿಗಾಯಕರಿಗೂ ಸುಲಭಕ್ಕೆ ದಕ್ಕದ ಸಂಯಮ ಅದು.

ಕಾರ್ಯಕ್ರಮದ ಹಾಳೆಯಲ್ಲಿ ಎರಡೂ ಹಾಡುಗಳ ಕೆಳಗೆ 'ಕವಿತೆ: ಗಯಟೆ' ಎಂದು ಅಚ್ಚಾಗಿತ್ತು. ಇದು ತಪ್ಪು. ಅವುಗಳನ್ನು ಬರೆದವಳು ಮರಿಯಾನೆ ಫಾನ್ ವಿಲ್ಲೆಮರ್. ಈ ಊರಿನ ಬ್ಯಾಂಕರನೊಬ್ಬನ ಹೆಂಡತಿ, ಅದಕ್ಕೂ ಮೊದಲು ರಂಗಭೂಮಿಯ ನಟಿ. ಮೈನ್ ನದಿಯ ದಂಡೆಯಲ್ಲಿ ಆ ದಂಪತಿಗಳು ಬೇಸಿಗೆ ಕಳೆಯುತ್ತಿದ್ದ ಗೆರ್ಬರ್ಮ್ಯೂಲೆ ಎಂಬ ಮನೆಯಲ್ಲಿ 1815ರಲ್ಲಿ ಗಯಟೆ ಅತಿಥಿಯಾಗಿದ್ದ. ಅವನು ಹಾತಿಮ್, ಅವಳು ಜುಲೇಖಾ ಎಂದು ಹೆಸರಿಟ್ಟುಕೊಂಡು ಇಬ್ಬರೂ ಕವಿತೆಯಲ್ಲೇ ಮಾತಾಡಿಕೊಂಡರು. ಆ ಸೆಪ್ಟೆಂಬರಿನಲ್ಲಿ ಅವನನ್ನು ಕಾಣಲು ಹೈಡೆಲ್‌ಬರ್ಗಿಗೆ ಹೋಗುವಾಗ ಮೂಡಣ ಗಾಳಿಯನ್ನೂ, ಅಗಲಿ ಮರಳುವಾಗ ಪಡುವಣ ಗಾಳಿಯನ್ನೂ ಅವಳು ಬರೆದಳು. ಮತ್ತೆ ಅವರು ಭೇಟಿಯಾಗಲಿಲ್ಲ. ಗಯಟೆ ಅಲ್ಪಸ್ವಲ್ಪ ತಿದ್ದಿ, ಅವಳ ಹೆಸರು ಹೇಳದೆ, ತನ್ನ ದಿವಾನಿನಲ್ಲಿ ಸೇರಿಸಿಕೊಂಡ. ಲೋಕಕ್ಕೆ ತಿಳಿದದ್ದು 1869ರಲ್ಲಿ, ಅವಳು ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ. 1821ರಲ್ಲಿ ರಾಗ ಕಟ್ಟಿದ ಶೂಬರ್ಟನಿಗೆ ಇದು ಗೊತ್ತಿರಲು ಸಾಧ್ಯವಿರಲಿಲ್ಲ. ಆದರೆ ಅವಳು ಬದುಕಿ ಸತ್ತ ಊರಿನಲ್ಲಿ ಹಾಳೆ ಅಚ್ಚು ಹಾಕಿಸಿದವರಿಗೆ? ನಮ್ಮ ಮನೆಗಳಲ್ಲಿ ಹೆಂಗಸರು ಕಟ್ಟಿ ಹಾಡಿದ ಎಷ್ಟು ಹಾಡುಗಳು ಹೆಸರಿಲ್ಲದೆ ಉಳಿದಿವೆ ಎಂಬುದು ನೆನಪಾಗಿ, ಅವರ ಮೇಲಿನ ನನ್ನ ಸಿಟ್ಟು ಸ್ವಲ್ಪ ತಗ್ಗಿತು.

ಅನಂತರ ರೂಕೆರ್ಟನ ಒಂದು ಕವಿತೆ. ಇವನು ಪಾರಸಿ, ಅರಬ್ಬಿ ಕಲಿತ ವಿದ್ವಾಂಸ, ಕುರ್‌ಆನಿನ ಭಾಗಗಳನ್ನು ಜರ್ಮನಿಗೆ ತಂದವನು. ಹಾಡಿನ ರದೀಫ್ ಮತ್ತೆ ಮತ್ತೆ ಬರುತ್ತಿದ್ದಂತೆ 'ಇದು ಗಜಲ್' ಎಂದು ನಾನು ಪಿಸುಗುಟ್ಟಿದೆ. ಪಕ್ಕದ ಹಿರಿಯರು ತಲೆದೂಗಿದರು. ಅವರಿಗೂ ಗಜಲ್ 'ಗಜೆಲ್' ಆಗಿ ಗೊತ್ತು.

ಚಹಾ ಮತ್ತು ಕ್ರಿಸ್‌ಮಸ್ ಬಿಸ್ಕತ್ತಿನ ಬಳಿಕ ಎರಡನೆಯ ಭಾಗ. ಇಟಾಲಿಯನ್ ಏರಿಯಾಗಳ ಬಗ್ಗೆ ಹೆಚ್ಚು ಹೇಳಲಾರೆ. ಅವಕ್ಕೆ ಬೇಕಾದ ಗಂಟಲು ಅಲ್ಲಿ ಯಾರಿಗೂ ಇರಲಿಲ್ಲ. ಕೊನೆಗೆ ನಿವೃತ್ತ ರೈಲ್ವೆ ನೌಕರ ಕೆಂಪು ತುರ್ಕಿ ಟೋಪಿ ಹಾಕಿಕೊಂಡು ಬಂದು ಮೊಝಾರ್ಟನ ಉಸ್ಮಾನ್ ಆದ. 'ಜನಾನಾದಿಂದ ಅಪಹರಣ' ಎಂಬ ಈ ಒಪೆರಾ ಮೊದಲು ಆಡಿದ್ದು 1782ರಲ್ಲಿ, ತುರ್ಕರ ಸೇನೆ ವಿಯೆನ್ನಾವನ್ನು ಮುತ್ತಿ ಸೋತು ಹಿಂದಿರುಗಿದ ತೊಂಬತ್ತೊಂಬತ್ತು ವರ್ಷಗಳ ನಂತರ, ಅದೇ ವಿಯೆನ್ನಾದಲ್ಲಿ. ಹಡಗುಗಳ್ಳರಿಂದ ಮಾರಾಟವಾಗಿ ಸಲೀಂ ಪಾಷಾನ ಅರಮನೆ ಸೇರಿದ ಹುಡುಗಿಯನ್ನು ಬಿಡಿಸಲು ಅವಳ ಪ್ರಿಯಕರ ಬರುತ್ತಾನೆ. ಉಸ್ಮಾನ್ ಪಾಷಾನ ಕಾವಲುಗಾರ. ಓಡಿಹೋಗುತ್ತಿದ್ದ ಪ್ರೇಮಿಗಳನ್ನು ಹಿಡಿದವನು, ಅವರ ಕುತ್ತಿಗೆಗೆ ಹಗ್ಗ ಬೀಳುವುದನ್ನು ನೆನೆದು ಕುಣಿಯುತ್ತ ಹಾಡುವ ಹಾಡು ಇದು. ಮಂದ್ರದ ಪಾತಾಳದಲ್ಲಿ ಒಂದು ಸ್ವರವನ್ನು ಬಹಳ ಹೊತ್ತು ಹಿಡಿಯಬೇಕು; ಆತನಿಗೆ ಅದು ಎಟುಕಲಿಲ್ಲ, ಕಣ್ಣು ತಿರುಗಿಸಿ ಆ ಕೊರತೆಯನ್ನು ತುಂಬಿದ. ಸಭೆ ಬಿದ್ದು ಬಿದ್ದು ನಕ್ಕಿತು. ಪಕ್ಕದ ಹಿರಿಯರೂ ನಕ್ಕರು. (ಆ ಟೋಪಿಯನ್ನು ಎರಡನೇ ಮಹಮೂದ್ ಸುಲ್ತಾನ ತನ್ನ ಅಧಿಕಾರಿಗಳಿಗೆ ಕಡ್ಡಾಯ ಮಾಡಿದ್ದು 1829ರಲ್ಲಿ. ಮೊಝಾರ್ಟನ ಕಾಲದ ಉಸ್ಮಾನ್ ರುಮಾಲು ಸುತ್ತಿರುತ್ತಿದ್ದ.)

ನಗಬಾರದು ಎಂದು ನಾನು ಹೇಳುತ್ತಿಲ್ಲ. ಮೊಝಾರ್ಟ್ ಉಸ್ಮಾನನಿಗೆ ಕೊಟ್ಟಿರುವ ಸಂಗೀತ ಅಷ್ಟು ಚೆಲುವಾಗಿದೆ. ಹೀಗಳೆಯಲು ಹೊರಟವನು ಪಾತ್ರಕ್ಕೆ ಇಷ್ಟು ಧಾರಾಳವಾಗಿ ಸ್ವರ ಸುರಿಯುವುದಿಲ್ಲ. ನನ್ನ ತಕರಾರು ಬೇರೆ. ಒಪೆರಾ ಅಲ್ಲಿಗೆ ಮುಗಿಯುವುದಿಲ್ಲ. ಸೆರೆಸಿಕ್ಕ ಯುವಕ ತನ್ನ ಪ್ರಿಯೆಯನ್ನೂ ಆಸ್ತಿಯನ್ನೂ ಕಸಿದುಕೊಂಡ ಪರಮ ವೈರಿಯ ಮಗನೆಂದು ಸಲೀಂ ಪಾಷಾಗೆ ತಿಳಿಯುತ್ತದೆ. ಸೇಡಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ಆದರೆ ನಿನ್ನ ತಂದೆಯ ದಾರಿ ತುಳಿಯಲಾರೆ ಎಂದು ಹೇಳಿ ಎಲ್ಲರನ್ನೂ ಬಿಟ್ಟುಬಿಡುತ್ತಾನೆ. ಇಡೀ ನಾಟಕದ ತಿರುಳು ಇರುವುದೇ ಇಲ್ಲಿ. ಆ ಸಲೀಮನಿಗೆ ಮೊಝಾರ್ಟ್ ಒಂದೇ ಒಂದು ಸ್ವರವನ್ನೂ ಬರೆದಿಲ್ಲ. ಅದು ಬರೀ ಮಾತಿನ ಪಾತ್ರ. ಕೊನೆಯಲ್ಲಿ ಎಲ್ಲರೂ ಅವನನ್ನು ಹೊಗಳಿ ಹಾಡುವಾಗಲೂ ಅವನು ಸುಮ್ಮನಿರುತ್ತಾನೆ. (ಅವನನ್ನು ಹುಟ್ಟು ತುರ್ಕನಲ್ಲ, ಮತ ಬದಲಿಸಿದವನು ಎಂದು ಮಾಡಿಟ್ಟಿದ್ದಾರೆ. ಕ್ಷಮೆಯನ್ನು ಪೂರ್ತಿಯಾಗಿ ನಮಗೆ ಬಿಟ್ಟುಕೊಡಲು ಸಾಹಿತ್ಯ ಬರೆದವರಿಗೆ ಮನಸ್ಸು ಬರಲಿಲ್ಲವೇನೋ.)

ಹೀಗಾಗಿ ಏರಿಯಾಗಳನ್ನು ಆಯ್ದು ಹಾಡುವ ಯಾವ ಸಭೆಗೂ ಸಲೀಂ ಬರಲಾರ. ಉಸ್ಮಾನ್ ಮಾತ್ರ ಬರುತ್ತಾನೆ. ಗಜಲಿನಿಂದ ಒಂದು ಶೇರನ್ನು ಬಿಡಿಸಿ ತಂದರೆ ಅದಕ್ಕೆ ನಷ್ಟವಿಲ್ಲ, ಅದು ಹುಟ್ಟಿದ್ದೇ ಒಂಟಿಯಾಗಿ ನಿಲ್ಲಲು. ಶೂಬರ್ಟನ ಹಾಡೂ ಹಾಗೆಯೇ, ಮೂರು ನಿಮಿಷಕ್ಕೋ ಐದು ನಿಮಿಷಕ್ಕೋ ತನ್ನಲ್ಲೇ ಪೂರ್ತಿಯಾಗುತ್ತದೆ. ಏರಿಯಾ ಹಾಗಲ್ಲ. ಅದರ ಮುಂದಿನ ದೃಶ್ಯ ಅದಕ್ಕೆ ಕೊಡುವ ಉತ್ತರವನ್ನು ಹೊರಗಿಟ್ಟರೆ ಅದು ಸುಳ್ಳಾಡತೊಡಗುತ್ತದೆ. ಮೊದಲ ಭಾಗದಲ್ಲಿ ಹಾಫಿಜನನ್ನು ಮನೆಯೊಳಗೆ ಕರೆದು ಕೂರಿಸಿದ್ದ ಆ ಸಂಜೆ, ಎರಡನೆಯ ಭಾಗದಲ್ಲಿ ತುರ್ಕನೆಂದರೆ ಹಗ್ಗ ಹಿಡಿದು ಕುಣಿಯುವ ಕೋಡಂಗಿ ಎಂದು ಹೇಳಿ ಮನೆಗೆ ಕಳಿಸಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಅಳತೆಗೆ ಕತ್ತರಿಸುವಾಗ ಆದದ್ದು.

ದಾರಿಯಿಲ್ಲವೆಂದಲ್ಲ. ಉಸ್ಮಾನನ ಹಾಡು ಮುಗಿದ ಮೇಲೆ ಯಾರಾದರೊಬ್ಬರು ಎದ್ದು ನಿಂತು ಸಲೀಮನ ಮಾತನ್ನು ಓದಿದರೆ ಸಾಕು. ಎರಡು ನಿಮಿಷ ಹಿಡಿಯದು.

ಕೋಟು ಹಾಕಿಕೊಳ್ಳುವಾಗ ರೈಲ್ವೆಯ ಹಿರಿಯರು ಎದುರಾದರು. ನೆರೆಯವರ ಮೂಲಕ ಈ ಮಾತನ್ನು ಅವರಿಗೆ ಹೇಳಿಸಿದೆ. ಅವರು ಟೋಪಿಯನ್ನು ಮಡಚಿ ಜೇಬಿಗಿಡುತ್ತ ತುಸು ಹೊತ್ತು ಯೋಚಿಸಿದರು.

"ಒಳ್ಳೆಯದೇ. ಆದರೆ ಅದಕ್ಕೆ ರಾಗವೇ ಇಲ್ಲವಲ್ಲ. ಯಾರು ಒಪ್ಪುತ್ತಾರೆ?" ಎಂದರು.

"ನಾನು ಓದುತ್ತೇನೆ" ಎಂದರು ನನ್ನ ಪಕ್ಕದಲ್ಲಿದ್ದ ತುರ್ಕಿ ಹಿರಿಯರು, ಜರ್ಮನಿನಲ್ಲಿ. ಆಮೇಲೆ ನನಗಾಗಿ ಇಂಗ್ಲಿಷಿನಲ್ಲಿ ಇನ್ನೊಮ್ಮೆ.