ಬಾಗಿದ ಕಂಬದೊಳಗಿನ ಕಂಬಿ

ಹಾನಗಲ್ಲಿನ ತಾರಕೇಶ್ವರ ದೇಗುಲದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಕಡೆದ ನುಣುಪು ಕಂಬಗಳಿವೆ. ಅವುಗಳ ಮೈ ಎಷ್ಟೇ ಉಬ್ಬಿ ತಗ್ಗಿದರೂ ನಡುಗೆರೆ ನೆಟ್ಟಗೆ. ಛಾವಣಿಯ ಭಾರ ನೇರ ಕೆಳಗಿಳಿಯುತ್ತದೆ, ಕಲ್ಲು ಅದನ್ನು ಸಲೀಸಾಗಿ ತಾಳುತ್ತದೆ. ಇಂದಿನ ಕಾಂಕ್ರೀಟ್ ಕಂಬವನ್ನೇ ಬಾಗಿದಂತೆ ಕಟ್ಟಿದರೆ ಲೆಕ್ಕ ಬೇರೆ. ಅದರ ನಡು ಭಾರದ ಗೆರೆಯಿಂದ ಹೊರಗೆ ಸರಿಯುತ್ತದೆ. ಉಬ್ಬಿದ ಮಗ್ಗುಲು ಎಳೆತಕ್ಕೆ ಸಿಗಬಹುದು. ಎಳೆತ ತಾಳದ ಕಾಂಕ್ರೀಟಿಗೆ ಅಲ್ಲಿ ಉಕ್ಕು ಆಸರೆಯಾಗಬೇಕು.

ಆ ಉಕ್ಕನ್ನು ರೆವಿಟ್, ಟೆಕ್ಲಾದಂಥ ತಂತ್ರಾಂಶದಲ್ಲಿ ಮೊದಲೇ ಕಟ್ಟಿ ನೋಡುವ ಕಸುಬು ನನಗೆ ಬಲು ಮೆಚ್ಚು. ಉದ್ದಕಂಬಿಗಳನ್ನು ಸುತ್ತಿ ಹಿಡಿಯುವ ಪ್ರತಿ ರಿಂಗೂ ಕಂಬದ ಬಾಗಿದ ನಡುಗೆರೆಗೆ ಲಂಬವಾಗಿ ನಿಲ್ಲಬೇಕು. ಆಗ ರಿಂಗುಗಳು ಒಳಬಾಗಿನಲ್ಲಿ ಒತ್ತಾಗಿ, ಹೊರಬಾಗಿನಲ್ಲಿ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಅವುಗಳ ಅಂತರ ಉದ್ದಕಂಬಿಯ ದಪ್ಪದ 16 ಪಟ್ಟು ಮೀರುವಂತಿಲ್ಲ, 12 ಮಿ.ಮೀ. ಕಂಬಿಗೆ 192 ಮಿ.ಮೀ. ಅದನ್ನು ಹೊರಬಾಗಿನಲ್ಲೇ ಅಳೆಯುವುದು ಜಾಣತನ. ಒಳಗಿನ ಕಂಬಿ ಗಿಡ್ಡ, ಹೊರಗಿನದು ಉದ್ದ. ಎಲ್ಲಕ್ಕೂ ಸಾಮಾನ್ಯವಾಗಿ ಕನಿಷ್ಠ 40 ಮಿ.ಮೀ. ಕಾಂಕ್ರೀಟಿನ ಹೊದಿಕೆ ಬೇಕು.

ತೆರೆಯ ಮೇಲೆ ಇಷ್ಟು ಹೊಂದಿದರೆ ಕತ್ತರಿಸುವ ಅಳತೆ, ಬಗ್ಗಿಸುವ ಆಕಾರ ಎರಡೂ ಪಟ್ಟಿಯಾಗಿ ಕಂಬಿ ಕಟ್ಟುವವರ ಕೈ ಸೇರುತ್ತವೆ. ತೆರೆಯ ಮೇಲೆ ಕಟ್ಟಿದವರು, ಕೈಯಲ್ಲಿ ಕಟ್ಟಿದವರು, ಇಬ್ಬರ ಶ್ರಮವೂ ಕಾಂಕ್ರೀಟಿನೊಳಗೆ ಮುಚ್ಚಿಹೋಗುತ್ತದೆ, ನಿಜ. ಆದರೆ ಬಾಗಿದ ಕಂಬ ನಂಬಿಕೆಯಿಂದ ಭಾರ ಹೊರುವುದು ಆ ಶ್ರಮದ ಬಲದಿಂದಲೇ.