ಸಿಸೇರಿಯನ್ ಲೆಕ್ಕಕ್ಕೆ ರಾಬ್ಸನ್ ಹಾಕಿದ ಹತ್ತು ಖಾನೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್. ದೇಶದ ಪ್ರಮಾಣ ಶೇ. 21.5, 2005-06ರಲ್ಲಿ ಅದು ಬರೀ 8.5 ಇತ್ತು. ಇಂಥ ಅಂಕಿ ಹೊರಬಿದ್ದಾಗಲೆಲ್ಲ ಡಾಕ್ಟರುಗಳಿಗೆ ದುಡ್ಡಿನಾಸೆ ಎಂದು ಮನೆಯವರು ದೂರುತ್ತಾರೆ, ಈಗಿನ ಹುಡುಗಿಯರು ನೋವು ತಾಳುವುದಿಲ್ಲ ಎಂದು ಆಸ್ಪತ್ರೆಯವರು. ಇಬ್ಬರೂ ಹಿಡಿದುಕೊಂಡಿರುವುದು ಒಂದು ಸರಾಸರಿಯನ್ನು. ಸರಾಸರಿ ಎಷ್ಟು ದಾರಿ ತಪ್ಪಿಸುತ್ತದೆಂಬುದಕ್ಕೆ ಬಿಹಾರವನ್ನು ನೋಡಿ: ಒಟ್ಟು ಶೇ. 9.7, ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಹೇಳಿದ 10-15ರ ಹತ್ತಿರವೇ. ಆದರೆ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ 3.6, ಖಾಸಗಿಯಲ್ಲಿ 39.6. ಒಂದು ಕಡೆ ಬೇಕಾದವಳಿಗೂ ಸಿಗದಿರಬಹುದು, ಇನ್ನೊಂದು ಕಡೆ ಬೇಡದವಳಿಗೂ ಆಗುತ್ತಿರಬಹುದು.

ಈ ಗಂಟನ್ನು ಬಿಡಿಸಲು ಪ್ರಸೂತಿ ತಜ್ಞ ಮೈಕೆಲ್ ರಾಬ್ಸನ್ 2001ರಲ್ಲಿ ಒಂದು ವರ್ಗೀಕರಣ ಪ್ರಕಟಿಸಿದರು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಎಲ್ಲ ದೇಶಗಳಿಗೂ ಶಿಫಾರಸು ಮಾಡಿತು. ಹೆರಿಗೆಗೆ ಬಂದ ಪ್ರತಿಯೊಬ್ಬಳೂ ಹತ್ತು ಗುಂಪುಗಳಲ್ಲಿ ಯಾವುದಾದರೂ ಒಂದಕ್ಕೆ, ಒಂದಕ್ಕೆ ಮಾತ್ರ, ಸೇರುತ್ತಾಳೆ. ಕೇಳುವ ಪ್ರಶ್ನೆಗಳು ಸರಳ: ಚೊಚ್ಚಲೋ ಅಲ್ಲವೋ, ಹಿಂದೆ ಸಿಸೇರಿಯನ್ ಆಗಿದೆಯೋ, ಮಗು ಒಂದೋ ಅವಳಿಯೋ, ತಲೆ ಕೆಳಗಿದೆಯೋ, 37 ವಾರ ತುಂಬಿದೆಯೋ, ನೋವು ತಾನಾಗಿ ಬಂತೋ ಬರಿಸಿದರೋ. ಇವಿಷ್ಟನ್ನು ಲೇಬರ್ ವಾರ್ಡಿನ ನರ್ಸ್ ಕೇಸ್ ಶೀಟ್ ನೋಡಿಯೇ ತುಂಬಬಲ್ಲಳು.

ಸಿಸೇರಿಯನ್ ಯಾಕೆ ಮಾಡಿದಿರಿ ಎಂದು ರಾಬ್ಸನ್ ಕೇಳುವುದಿಲ್ಲ. ಇದನ್ನು ಕೊರತೆ ಎನ್ನುವವರಿದ್ದಾರೆ. ನನಗೆ ಇದೇ ಈ ಪದ್ಧತಿಯ ಜಾಣತನ. 'ನೀರು ಕಡಿಮೆ', 'ಮಗುವಿನ ಕತ್ತಿಗೆ ಬಳ್ಳಿ ಸುತ್ತಿದೆ' ಎಂಬ ಕಾರಣಗಳನ್ನು ಬರೆಯುವವರು ಕತ್ತರಿ ಹಿಡಿದವರೇ. ಚೊಚ್ಚಲು, ಅವಳಿ ಎಂಬುದನ್ನು ಹಾಗೆ ಬೇಕಾದಂತೆ ಬರೆದುಕೊಳ್ಳಲಾಗದು. ಇನ್ನು ಒಂಬತ್ತನೆಯ ಗುಂಪು ಇಡೀ ಲೆಕ್ಕಕ್ಕೇ ಒರೆಗಲ್ಲು: ಮಗು ಅಡ್ಡಲಾಗಿ ನಿಂತ ಬಸುರಿಯರು. ಒಟ್ಟು ಹೆರಿಗೆಗಳಲ್ಲಿ ಇವರು ಶೇ. 1ನ್ನು ದಾಟಬಾರದು, ಇವರಲ್ಲಿ ಸಿಸೇರಿಯನ್ ಶೇ. 100 ಇರಬೇಕು. ಇಲ್ಲದಿದ್ದರೆ ದಾಖಲೆಯನ್ನೇ ಅನುಮಾನಿಸಬೇಕು.

ಅತಿ ಹೆಚ್ಚು ಚಿಂತೆಗೆ ಹಚ್ಚುವುದು ಐದನೆಯದು, ಹಿಂದೆ ಸಿಸೇರಿಯನ್ ಆದವರ ಗುಂಪು. ಅನೇಕ ಆಸ್ಪತ್ರೆಗಳ ಕೋಷ್ಟಕದಲ್ಲಿ ಒಟ್ಟು ಸಿಸೇರಿಯನ್‌ಗಳ ದೊಡ್ಡ ಪಾಲು ಇವರದೇ. ಆದರೆ ಈ ಗುಂಪು ಆಕಾಶದಿಂದ ಉದುರಿದ್ದಲ್ಲ. ಈ ವರ್ಷ ಒಂದು ಮತ್ತು ಎರಡನೆಯ ಗುಂಪಿನಲ್ಲಿ ಕೊಯ್ಸಿಕೊಂಡ ಚೊಚ್ಚಲು ಬಾಣಂತಿಯರೇ ಮುಂದಿನ ಬಸುರಿಗೆ ಐದನೆಯ ಗುಂಪಿನಲ್ಲಿ ನಿಲ್ಲುತ್ತಾರೆ. ಹಳೆಯ ಗಾಯದ ಮೇಲೆ ಮಾಸು ಬೇರೂರುವ ಅಪಾಯ ಪ್ರತಿ ಆಪರೇಷನ್ನಿಗೂ ಏರುತ್ತದೆ. ಹಾಗಾಗಿ ಐದನೆಯ ಗುಂಪನ್ನು ತೋರಿಸಿ ನಾವೇನೂ ಮಾಡಲಾಗದು ಎನ್ನುವ ಆಸ್ಪತ್ರೆಯನ್ನು ಅದರ ಚೊಚ್ಚಲು ಹೆರಿಗೆಯ ಲೆಕ್ಕ ಕೇಳಬೇಕು.

ಆದರೆ ಎರಡನೆಯ ಗುಂಪಿನಲ್ಲಿ ಈ ಪದ್ಧತಿ ಎಡವುತ್ತದೆ. ನೋವು ಬರಿಸಿಕೊಂಡ ಚೊಚ್ಚಲು ಬಸುರಿಯರೂ ನೋವಿಗೆ ಕಾಯದೆ ನೇರ ಥಿಯೇಟರಿಗೆ ಹೋದವರೂ ಅಲ್ಲಿ ಒಟ್ಟಿಗಿದ್ದಾರೆ. ಜ್ಯೋತಿಷಿ ಬರೆದುಕೊಟ್ಟ ಮುಹೂರ್ತಕ್ಕೆ ಹೆರಿಗೆ ಮಾಡಿಸುವ ನಮ್ಮ ಊರುಗಳಲ್ಲಿ ಇದು ಸಣ್ಣ ದೋಷವಲ್ಲ. '2ಎ', '2ಬಿ' ಎಂದು ಒಡೆಯುವ ಅವಕಾಶವನ್ನು ನಮ್ಮಲ್ಲಿ ಕಡ್ಡಾಯ ಮಾಡಬೇಕು. ತಾಯಿಯ ವಯಸ್ಸು, ತೂಕ, ಸಕ್ಕರೆ ಕಾಯಿಲೆ ಈ ಖಾನೆಗಳಲ್ಲಿ ಕಾಣುವುದಿಲ್ಲ. ರಾತ್ರಿಪಾಳಿಗೆ ಅರಿವಳಿಕೆ ವೈದ್ಯರಿದ್ದರೇ, ಬಿಲ್ ಎಷ್ಟಾಯಿತು ಎಂಬುದಂತೂ ಇಲ್ಲವೇ ಇಲ್ಲ. ಅದೇ ಸಮೀಕ್ಷೆಯಲ್ಲಿ ಕಂಡ ದೇಶದ ಸರ್ಕಾರಿ ಆಸ್ಪತ್ರೆಗಳ ಶೇ. 14.3ಕ್ಕೂ ಖಾಸಗಿಯ 47.4ಕ್ಕೂ ನಡುವಿನ ಅಂತರವನ್ನು ರಾಬ್ಸನ್ ಒಬ್ಬರೇ ವಿವರಿಸಲಾರರು.

ಅಂತರ ಯಾವ ಗುಂಪಿನಲ್ಲಿದೆ ಎಂಬುದನ್ನಾದರೂ ಅವರು ತೋರಿಸಬಲ್ಲರು. ಒಂದೇ ಮಗುವಿದ್ದು ಅದರ ತಲೆ ಕೆಳಗಿರುವ, ತಿಂಗಳು ತುಂಬಿದ, ನೋವು ತಾನಾಗಿ ಬಂದ ಚೊಚ್ಚಲು ಬಸುರಿಯರನ್ನೇ, ಅಂದರೆ ಒಂದನೆಯ ಗುಂಪನ್ನೇ, ತೆಗೆದುಕೊಳ್ಳಿ. ಅವರಲ್ಲಿ ನಿಮ್ಮಲ್ಲಿ ಎಷ್ಟು ಜನರಿಗೆ ಸಿಸೇರಿಯನ್ ಆಯಿತು ಎಂಬ ಅಂಕಿಯನ್ನು ಪ್ರತಿ ಆಸ್ಪತ್ರೆ, ಸರ್ಕಾರಿಯಿರಲಿ ಖಾಸಗಿಯಿರಲಿ, ಹೊರರೋಗಿ ವಿಭಾಗದ ಗೋಡೆಗೆ ಬರೆಸಲಿ. ಮಗಳನ್ನು ಹೆರಿಗೆಗೆ ತವರಿಗೆ ಕರೆತಂದ ತಾಯಿ ಆಸ್ಪತ್ರೆ ಆರಿಸುವ ಮೊದಲು ಓದಬೇಕಾದ ಅಂಕಿ ಅದು.