ಜೇನ್ನೊಣದ ‘ಚಳಿಗಾಲ’: ಒಂದು ಪರಾಮರ್ಶೆ

ಜೇನ್ನೊಣಗಳ ಉತ್ಕರ್ಷಣ ಒತ್ತಡವನ್ನು ಕುರಿತು ಈಚಿನ ದಶಕಗಳಲ್ಲಿ ಬೆಳೆದು ಬಂದಿರುವ ಸಂಶೋಧನ ಸಾಹಿತ್ಯವು ವಿಪುಲವಾದುದು. ಅದರ ಬೆಲೆಯೂ ಹಿರಿದು. ಆದರೆ ಆ ಸಾಹಿತ್ಯದಲ್ಲಿ ‘ಚಳಿಗಾಲ’ವೆಂಬ ಪದವು ಹೊತ್ತಿರುವ ಅರ್ಥವನ್ನು ಪರೀಕ್ಷಿಸದೆ, ಅದನ್ನು ನಮ್ಮ ಮಾರ್ಗಶಿರ ಪುಷ್ಯಮಾಸಗಳಿಗೆ ಅನ್ವಯಿಸುವುದು ಯುಕ್ತವೇ ಎಂಬುದನ್ನು ನಾವು ಇಲ್ಲಿ ವಿಚಾರಿಸಬೇಕಾಗಿದೆ.

ಶೀತದೇಶಗಳಲ್ಲಿ ಬೇಸಗೆಯ ಕೆಲಸಗಾರ ನೊಣವು ನಾಲ್ಕಾರು ವಾರ ಬದುಕಿದರೆ, ಚಳಿಗಾಲದ ನೊಣವು ಆರು ತಿಂಗಳವರೆಗೂ ಬದುಕುತ್ತದೆ. ಆಗ ಗೂಡಿನಲ್ಲಿ ಮರಿಗಳ ಪೋಷಣೆ ಬಹುಮಟ್ಟಿಗೆ ನಿಂತಿರುತ್ತದೆ. ನೊಣಗಳು ಒತ್ತಾಗಿ ಮುತ್ತಿಕೊಂಡು, ಕೂಡಿಟ್ಟ ಜೇನನ್ನು ಉಂಡು, ಹಾರಾಟದ ಸ್ನಾಯುಗಳನ್ನು ಕಂಪಿಸಿ ಕಾವನ್ನು ಹುಟ್ಟಿಸುತ್ತವೆ. ಈ ಉಸಿರಾಟದ ಜೊತೆಯಲ್ಲಿಯೇ ಆಮ್ಲಜನಕದ ಉಗ್ರರೂಪಗಳು ಹುಟ್ಟಿ ಜೀವಕೋಶದ ಪ್ರೋಟೀನು, ಕೊಬ್ಬುಗಳನ್ನು ಕೆಡಿಸುತ್ತವೆ. ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್ ಎಂಬ ಕಿಣ್ವವು ಅವುಗಳಲ್ಲೊಂದನ್ನು ಹೈಡ್ರೋಜನ್ ಪೆರಾಕ್ಸೈಡಾಗಿ ಮಾರ್ಪಡಿಸಿದರೆ, ಕೆಟಲೇಸ್ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ವಿಟೆಲೊಜೆನಿನ್ ಎಂಬ ಪ್ರೋಟೀನನ್ನು ತಗ್ಗಿಸಿದ ನೊಣಗಳು ಉತ್ಕರ್ಷಣದ ಪೆಟ್ಟಿಗೆ ಬೇಗನೆ ಸಾಯುವುವೆಂದು ಸೀಹೂಸ್, ಆಮ್ಡಮ್ ಮೊದಲಾದವರು ೨೦೦೬ರಲ್ಲಿ ತೋರಿಸಿಕೊಟ್ಟರು. ಮರಿಗಳಿಗೆ ಉಣಿಸುವ ಹೊರೆಯಿಲ್ಲದ ಚಳಿಗಾಲದ ನೊಣದಲ್ಲಿ ಈ ಪ್ರೋಟೀನು ಮೈಯಲ್ಲಿಯೇ ಉಳಿಯುತ್ತದೆ. ಆದುದರಿಂದ ಆ ದೇಶಗಳ ಚಳಿಗಾಲವೆಂದರೆ ಬರಿಯ ಚಳಿಯಲ್ಲ. ಮರಿಯಿಲ್ಲದಿರುವಿಕೆ, ದೀರ್ಘಾಯುಷ್ಯ, ಎಡೆಬಿಡದ ಕಾವು, ಇವು ಮೂರೂ ಕೂಡಿದ ಸ್ಥಿತಿ.

ಇನ್ನು ನಮ್ಮ ಬಯಲುಸೀಮೆಯನ್ನು ನೋಡೋಣ. ಹೂವಿನ ಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಆಸರೆಯಲ್ಲಿರುವ ಮೈಲಾರದ ಸುತ್ತಿನಲ್ಲಿ ಚಳಿಗಾಲದ ಹಗಲು ಬೆಚ್ಚಗಿರುತ್ತದೆ. ನೊಣಗಳು ದಿನವೂ ಹಾರುತ್ತವೆ. ಹಿಂಗಾರಿನ ಸೂರ್ಯಕಾಂತಿ, ಕುಸುಬೆಗಳು ಹೂವಾಗುವುದು ಈ ಕಾಲದಲ್ಲಿಯೇ. ಹಡಗಲಿಯ ಮಲ್ಲಿಗೆ ಪ್ರಸಿದ್ಧವಾದರೂ ಅದನ್ನು ಮೊಗ್ಗಿನಲ್ಲಿಯೇ ಬಿಡಿಸುವುದರಿಂದ ನೊಣಗಳಿಗೆ ಅದರಿಂದ ಲಾಭವಿಲ್ಲ. ಭರತ ಹುಣ್ಣಿಮೆಯ ಕಾರಣಿಕ ಕಳೆದ ಮೇಲೆ ಹೊಲಗಳು ಬರಿದಾಗತೊಡಗುತ್ತವೆ. ಹೊಂಗೆ ಬೇವುಗಳ ಹೂವೂ ಮುಗಿದ ಮೇಲೆ ಮುಂಗಾರಿನ ಬೆಳೆ ಹೂವಿಗೆ ಬರುವವರೆಗೆ ಮೇವು ವಿರಳ. ಆಗ ಗೂಡು ಕಾಯಬೇಕಾದುದು ಚಳಿಯನ್ನಲ್ಲ, ಬಿಸಿಲನ್ನು. ಮರಿಗಳಿರುವ ಎಡೆಯನ್ನು ೩೪-೩೫ ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಳಿಸಲು ನೊಣಗಳು ನೀರು ತಂದು ಹನಿಸಿ ರೆಕ್ಕೆ ಬೀಸುತ್ತವೆ. ಮೇಲಾಗಿ, ಯುರೋಪಿನ ನೊಣದಂತೆ ಕೂಡಿಟ್ಟು ಕಾದು ಕೂರುವುದೊಂದೇ ನಮ್ಮ ನೊಣಗಳ ಮಾರ್ಗವಲ್ಲ. ಹೆಜ್ಜೇನು ಋತುವಿಗೆ ತಕ್ಕಂತೆ ವಲಸೆ ಹೋಗುತ್ತದೆ. ತುಡುವೆ ಜೇನು ಅಭಾವ ಬಂದಾಗ ಗೂಡನ್ನೇ ತೊರೆದುಬಿಡುವುದುಂಟು. ಹಾಗಿರಲು, ಇಲ್ಲಿ ಡಿಸೆಂಬರಿನಲ್ಲಿ ನೊಣಗಳನ್ನು ಹಿಡಿದು ಕಿಣ್ವಗಳನ್ನು ಅಳೆದು ‘ಚಳಿಗಾಲದ ರಕ್ಷಣೆ’ ಎಂದು ಹೆಸರಿಟ್ಟರೆ, ನಾವು ಅಳೆದದ್ದು ಸುಗ್ಗಿಯನ್ನೇ ಹೊರತು ಸಂಕಟವನ್ನಲ್ಲ.

ಎರಡನೆಯ ಆಕ್ಷೇಪವು ಅಳತೆಯ ರೀತಿಯನ್ನು ಕುರಿತದ್ದು. ಕಿಣ್ವದ ಚಟುವಟಿಕೆ ಏರಿದುದು ರಕ್ಷಣೆ ಬಲವಾದುದರ ಗುರುತಾಗಬಹುದು. ದಾಳಿ ಉಗ್ರವಾದುದರ ಗುರುತೂ ಆಗಬಹುದು. ಕೆಟ್ಟ ಪ್ರೋಟೀನು ಕೊಬ್ಬುಗಳ ಪ್ರಮಾಣವನ್ನು ಜೊತೆಯಲ್ಲಿಯೇ ಅಳೆಯದೆ ಇವೆರಡನ್ನು ಬೇರ್ಪಡಿಸಲಾಗದು. ನೊಣದ ವಯಸ್ಸನ್ನೂ ಅದು ಗೂಡಿನೊಳಗಿನದೋ ಮೇವಿಗೆ ಹೋಗುವುದೋ ಎಂಬುದನ್ನೂ ಹೇಳದ ಅಂಕಿಗಳಿಂದ ಋತುವಿನ ಪರಿಣಾಮವನ್ನು ನಿರ್ಣಯಿಸುವುದು ಕಷ್ಟ.

ಇದು ಬರಿಯ ಶಬ್ದವಿವಾದವಲ್ಲ. ೧೯೯೧-೯೨ರ ಸುಮಾರಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗವು ಕರ್ನಾಟಕದ ತುಡುವೆ ಜೇನಿಗೆ ಮಾಡಿದ ಹಾನಿಯನ್ನು ಬಲ್ಲವರಿಗೆ, ನೊಣದ ದುರ್ಬಲ ಕಾಲ ಯಾವುದೆಂದು ತಿಳಿಯುವುದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಸಕ್ಕರೆ ಪಾಕವನ್ನು ಯಾವ ತಿಂಗಳಲ್ಲಿ ಕೊಡಬೇಕು, ಪೆಟ್ಟಿಗೆಗೆ ನೆರಳನ್ನೂ ನೀರನ್ನೂ ಎಂದು ಒದಗಿಸಬೇಕು ಎಂಬ ಸಾಕಣೆಗಾರನ ಪ್ರಶ್ನೆಗಳಿಗೆ ಪರದೇಶದ ಪಂಚಾಂಗವು ಉತ್ತರವಾಗಲಾರದು. ಮುಂದಿನ ಅಧ್ಯಯನಗಳು ತಿಂಗಳ ಹೆಸರನ್ನು ಬಿಟ್ಟು, ಗೂಡಿನಲ್ಲಿ ಮರಿಗಳಿವೆಯೇ, ಸಂಗ್ರಹವೆಷ್ಟು, ಹೊರಗೆ ಹೂವಿದೆಯೇ ಎಂಬ ಸ್ಥಿತಿಯಿಂದಲೇ ಋತುವನ್ನು ಗುರುತಿಸಿದರೆ, ಉತ್ತರದೇಶಗಳ ಶ್ರಮವೂ ನಮಗೆ ನಿಜವಾಗಿ ಉಪಯುಕ್ತವಾದೀತು.